ಹೊಸ್ತಿಲ ಮೇಲೆ ಒಂದು ಕ್ಲಿಕ್

ರಾತ್ರಿ ಹೊತ್ತು. ಕರೆತಂದ ಗಾಡಿ ಕತ್ತಲಲ್ಲಿ ಮಾಯವಾಗಿದೆ. ಎದುರಿಗೆ ಕಬ್ಬಿಣದ ಮೊಳೆ ಹೊಡೆದ ದೊಡ್ಡ ಹಳೇ ಬಾಗಿಲು. ಗಂಟೆ ಇಲ್ಲ, ಬಡಿಯೋದಕ್ಕೆ ಬಳೆಯೂ ಇಲ್ಲ. ಕಾದು ಕಾದು ನಿಂತ ಮೇಲೆ ಒಳಗಿಂದ ಭಾರವಾದ ಹೆಜ್ಜೆ ಸಪ್ಪಳ, ಸರಪಳಿಯ ಸದ್ದು. ಬಾಗಿಲು ತೆರೆಯುತ್ತದೆ. ಮೈತುಂಬ ಕಪ್ಪು ಬಟ್ಟೆ ತೊಟ್ಟ ಎತ್ತರದ ಮುದುಕ, ಕೈಯಲ್ಲಿ ಬೆಳ್ಳಿ ದೀಪ. ಒಳಗೆ ಬನ್ನಿ ಅನ್ನುತ್ತಾನೆ. ಆದರೆ ತಾನು ಒಂದು ಹೆಜ್ಜೆಯೂ ಮುಂದೆ ಇಡುವುದಿಲ್ಲ, ಕಲ್ಲಿನ ಹಾಗೆ ನಿಂತೇ ಇದ್ದಾನೆ. ಬಂದವರು ತಾವಾಗಿಯೇ, ತಮ್ಮ ಇಷ್ಟದಿಂದಲೇ ಹೊಸ್ತಿಲು ದಾಟಬೇಕಂತೆ.

ಇದು 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿಯ ದೃಶ್ಯ. ಜೊನಾಥನ್ ಹಾರ್ಕರ್ ಎಂಬ ಯುವಕ ತನ್ನ ಡೈರಿಯಲ್ಲಿ ಇದನ್ನು ಬರೆದಿಡುತ್ತಾನೆ. ಅವನು ಹೊಸ್ತಿಲು ದಾಟಿದ ಕ್ಷಣವೇ ಆ ಕಲ್ಲು ಅಲುಗಾಡುತ್ತದೆ. ಮುದುಕ ಮುಂದೆ ಬಂದು ಅವನ ಕೈ ಹಿಡಿಯುತ್ತಾನೆ. ಅವನೇ ಕೌಂಟ್ ಡ್ರಾಕುಲಾ, ರಕ್ತ ಹೀರುವ ಪಿಶಾಚಿ. ಮಂಜುಗಡ್ಡೆಯಂಥ ಕೈ. ಓದುವವರು ಆ ತಣ್ಣನೆ ಕೈಯನ್ನು ನೆನಪಿಟ್ಟುಕೊಳ್ಳುತ್ತಾರೆ, ಆದರೆ ದಾಟಿದ ಆ ಹೆಜ್ಜೆಯನ್ನು ಗಮನಿಸುವವರು ಕಡಿಮೆ. ಒಂದೇ ಸಾಲಲ್ಲಿ ಮುಗಿದು ಹೋಗುತ್ತದೆ, ಕಣ್ಣು ಮುಂದೆ ಓಡುತ್ತದೆ.

ಈಗ ಇದೇ ದೃಶ್ಯವನ್ನು, ಪರದೆಯ ಮೇಲೆ ಓದುವವರೇ ಕೊಂಡಿ ಒತ್ತಿ ದಾರಿ ಆರಿಸುವ ಆಟವಾಗಿ ಬರೆದರೆ ಏನಾಗುತ್ತದೆ ನೋಡಿ. ಮುದುಕ ಕರೆದ ಕೂಡಲೇ ಪುಟ ನಿಲ್ಲುತ್ತದೆ. ಕೆಳಗೆ ಒಂದೇ ಒಂದು ಕೊಂಡಿ: 'ಹೊಸ್ತಿಲು ದಾಟು'. ಬೇರೆ ಆಯ್ಕೆ ಇಲ್ಲ. ಆದರೂ ನೀವು ಒತ್ತುವ ತನಕ ಕತೆ ಮುಂದೆ ಹೋಗುವುದಿಲ್ಲ. ಕೌಂಟ್ ಕಾಯುತ್ತಾನೆ, ನೀವೂ ಕಾಯುತ್ತೀರಿ. ಕಡೆಗೆ ಒತ್ತುವವರು ನೀವೇ. ಹಾರ್ಕರ್ ಮಾಡಿದ ತಪ್ಪಿಗೆ ಈಗ ನಿಮ್ಮ ಕೈಯೂ ಸೇರಿತು, ಅಲ್ವಾ?

ಗಾಥಿಕ್ ಸಾಹಿತ್ಯ, ಅಂದರೆ ಹಳೇ ಕೋಟೆ, ಕತ್ತಲು, ಭಯದ ಇಂಥ ಕತೆಗಳನ್ನು ಕಲಿಸಲು ಆಟ ಏಕೆ ಬೇಕು ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಹೊಸ್ತಿಲನ್ನೇ. ಇಂಥ ಆಟದ ಕೆಲಸ ಕತೆಯ ಕೊನೆಯನ್ನು ಬದಲಾಯಿಸುವುದಲ್ಲ. ಓದುವವರನ್ನು ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸುವುದು.

ಕೊನೆಯನ್ನು ಬದಲಾಯಿಸುತ್ತಾ ಹೋಗುವುದು ಲೆಕ್ಕದಲ್ಲೂ ಕಷ್ಟ. ಪ್ರತಿ ಪುಟದಲ್ಲಿ ಎರಡು ದಾರಿ ಇಟ್ಟು, ಒಮ್ಮೆ ಬೇರೆಯಾದ ದಾರಿಗಳು ಮತ್ತೆ ಸೇರದ ಹಾಗೆ ಬರೆದರೆ, ಹತ್ತು ಆಯ್ಕೆ ಮುಗಿಯುವಷ್ಟರಲ್ಲಿ 1,024 ಕೊನೆಗಳಾಗುತ್ತವೆ. ಒಟ್ಟು ಪುಟ 2,047. ಆಡುವವರು ಒಂದು ಸಲಕ್ಕೆ ಅದರಲ್ಲಿ ಓದುವುದು ಬರೀ 11 ಪುಟ. ಅದಕ್ಕೇ ಅನುಭವ ಇರುವವರು ಕವಲುಗಳನ್ನು ಮತ್ತೆ ಮತ್ತೆ ಒಂದೇ ಕಡೆ ತಂದು ಸೇರಿಸುತ್ತಾರೆ. ಯಾವ ಮೆಟ್ಟಿಲು ಹತ್ತಿದರೂ ಅದೇ ಕೋಣೆ. ಆದರೆ ನೀವು ಯಾವ ದಾರಿಯಲ್ಲಿ ಬಂದಿರಿ, ಏನು ನೋಡಿದಿರಿ ಅನ್ನುವುದನ್ನು ಆಟ ನೆನಪಿಟ್ಟುಕೊಂಡು ಮಾತನ್ನು ಸ್ವಲ್ಪ ಬದಲಾಯಿಸುತ್ತದೆ. ಬೇರೆ ಬಗೆಯ ಕತೆಗಳಲ್ಲಿ ಇದು ಮೋಸ ಅನ್ನಿಸಬಹುದು. ಗಾಥಿಕ್ ಕತೆಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಹಾರ್ಕರ್ ಸಿಕ್ಕಿಬಿದ್ದ ಡ್ರಾಕುಲಾನ ಕೋಟೆಯಲ್ಲೂ ಎಲ್ಲಿ ನೋಡಿದರೂ ಬಾಗಿಲು, ಎಲ್ಲಕ್ಕೂ ಬೀಗ.

ಬರೆಯಲು ಸಾಧನವೂ ಸುಲಭದ್ದೇ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಟ್ವೈನ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪದದ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಅದು ಕೊಂಡಿಯಾಗುತ್ತದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಮೇಷ್ಟ್ರು ಕೂಡ ಒಂದು ಮಧ್ಯಾಹ್ನದಲ್ಲಿ ಚಿಕ್ಕ ಆಟ ಕಟ್ಟಬಹುದು.

ಆದರೆ ತಡೆದು ನಿಲ್ಲಿಸಿದರೆ ಭಯ ಏಕೆ ಜಾಸ್ತಿಯಾಗುತ್ತದೆ? ಗಾಥಿಕ್ ಕಾದಂಬರಿಗಳ ದೊಡ್ಡ ಲೇಖಕಿ ಆನ್ ರಾಡ್‌ಕ್ಲಿಫ್ ಇದರ ಬಗ್ಗೆ ಯೋಚಿಸಿದ್ದರು. ಅವರು ತೀರಿಕೊಂಡ ಮೇಲೆ, 1826ರಲ್ಲಿ, ಅಚ್ಚಾದ ಒಂದು ಬರಹದಲ್ಲಿ ಎರಡು ಬಗೆಯ ಭಯವನ್ನು ಬೇರೆ ಮಾಡುತ್ತಾರೆ. ಒಂದು, ಏನೋ ಬರಲಿದೆ ಎಂಬ ಭಯ. ಅದು ಮನಸ್ಸನ್ನು ಹಿಗ್ಗಿಸಿ ಎಚ್ಚರಗೊಳಿಸುತ್ತದೆ. ಇನ್ನೊಂದು, ಬಂದದ್ದನ್ನು ಕಣ್ಣಾರೆ ಕಂಡಾಗಿನ ಭಯ. ಅದು ಮನಸ್ಸನ್ನು ಮುದುಡಿಸಿ ಮರಗಟ್ಟಿಸುತ್ತದೆ. ಅವರ ಒಲವು ಮೊದಲನೆಯದರ ಕಡೆಗೆ. ಅದು ಹುಟ್ಟುವುದು ಅಸ್ಪಷ್ಟತೆಯಿಂದ ಅನ್ನುವುದು ಅವರ ಮಾತು.

ಸುಮಾರು ಎರಡು ಶತಮಾನ ಆದ ಮೇಲೆ, 2016ರಲ್ಲಿ, ಲಂಡನ್ನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಅದೂ ಒಂದು ಆಟವೇ. ಪರದೆಯ ಮೇಲೆ ಕಲ್ಲುಗಳು. ಪ್ರತಿ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವು ಕಂಡರೆ ಕೈಗೆ ನಿಜವಾಗಿಯೂ ಚುರುಕ್ ಅನ್ನುವ ವಿದ್ಯುತ್ ಶಾಕ್. ಆಡುವವರ ಬೆವರು, ಕಣ್ಣಿನ ಪಾಪೆಯ ಗಾತ್ರ ಎಲ್ಲ ಅಳೆದರು. ಒತ್ತಡ ತುದಿ ಮುಟ್ಟಿದ್ದು ಶಾಕ್ ಖಂಡಿತ ಅಂತ ಗೊತ್ತಿದ್ದಾಗ ಅಲ್ಲ. ಹಾವು ಇರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. ಕೆಟ್ಟದ್ದು ಖಂಡಿತ ಅಂತಾದರೆ ಮೈ ಅದಕ್ಕೆ ಸಿದ್ಧವಾಗಿಬಿಡುತ್ತದೆ. ಇದೆಯೋ ಇಲ್ಲವೋ ಅಂದಾಗಲೇ ಬೆವರುವುದು.

ರಾಡ್‌ಕ್ಲಿಫ್ ಹೇಳಿದ ಅಸ್ಪಷ್ಟತೆಗೆ ಇದು ತೀರಾ ಹತ್ತಿರದ ಮಾತು ಅಂತ ನನಗೆ ಅನ್ನಿಸುತ್ತದೆ. ಪುಸ್ತಕದಲ್ಲಿ ಆ ಅಸ್ಪಷ್ಟತೆ ಎಷ್ಟು ಹೊತ್ತು ಇರಬೇಕು ಎಂದು ತೀರ್ಮಾನಿಸುವುದು ಓದುವ ವೇಗ. ಆಟದಲ್ಲಿ ಬೆರಳು ಕೊಂಡಿಯ ಮೇಲೆ ನಿಂತಿರುವಷ್ಟು ಹೊತ್ತೂ ಅದು ಉಳಿಯುತ್ತದೆ.

ಇನ್ನು ಕಲಿಕೆಯ ಮಾತು. ಆಯ್ಕೆ ಕೊಟ್ಟ ಹಾಗೆ ಮಾಡಿ ಫಲ ಮಾತ್ರ ಬದಲಾಗದಿದ್ದರೆ ಮಕ್ಕಳಿಗೆ ಅದರಿಂದ ಏನು ಪ್ರಯೋಜನ? ನೆನಪಿನ ಬಗ್ಗೆ ಸಂಶೋಧಕ ವಿಷ್ಣು ಮೂರ್ತಿ ಮತ್ತು ಜೊತೆಯವರು 2015ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ಭಾಗವಹಿಸಿದವರ ಮುಂದೆ ಎರಡು ಮುಚ್ಚಳ. ಒಂದನ್ನು ತೆಗೆದರೆ ಕೆಳಗೆ ಒಂದು ವಸ್ತುವಿನ ಚಿತ್ರ. ಕೆಲವು ಸಲ ಯಾವುದನ್ನು ತೆಗೆಯಬೇಕು ಅಂತ ಅವರೇ ಆರಿಸಿದರು, ಕೆಲವು ಸಲ ಕಂಪ್ಯೂಟರ್ ಹೇಳಿತು. ಅವರ ಆಯ್ಕೆಗೂ ಬರುವ ಚಿತ್ರಕ್ಕೂ ನಿಜಕ್ಕೂ ಸಂಬಂಧ ಇರಲಿಲ್ಲ. ಆದರೂ ಮರುದಿನ ನೋಡಿದರೆ, ತಾವೇ ಆರಿಸಿ ಕಂಡ ಚಿತ್ರಗಳು ಅವರ ನೆನಪಲ್ಲಿ ಹೆಚ್ಚು ಉಳಿದಿದ್ದವು. ಸುಮ್ನೆ ಆರಿಸುವುದೇ ಸಾಕಾಯಿತು. ಅಂದರೆ 'ಹೊಸ್ತಿಲು ದಾಟು' ಎಂಬ ಒಂಟಿ ಕೊಂಡಿಯ ಪಕ್ಕ 'ಇನ್ನೊಂದು ಕ್ಷಣ ಕಾಯು' ಅಂತ ಇನ್ನೊಂದು ಇಟ್ಟು, ಎರಡೂ ಒಂದೇ ಕೋಣೆಗೆ ಹೋದರೂ ಕೆಲಸ ವ್ಯರ್ಥವಲ್ಲ. ಚಿತ್ರ ನೆನಪಿಡುವುದಕ್ಕೂ ಕಾದಂಬರಿ ಅರಿಯುವುದಕ್ಕೂ ತುಂಬಾ ದೂರ ಇದೆ, ನಿಜ. ಆದರೆ ದಿಕ್ಕು ಅದೇ.

ಇಲ್ಲೇ ಹೆಚ್ಚಿನವರು ಎಡವುವುದು. ಆಯ್ಕೆ ಅಂದ ಕೂಡಲೇ ಸರಿ ಉತ್ತರ, ತಪ್ಪು ಉತ್ತರ ಅಂತ ಬರೆಯಲು ಶುರುಮಾಡುತ್ತಾರೆ. 1818ರಲ್ಲಿ ಬಂದ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ತೆಗೆದುಕೊಳ್ಳಿ. ನವೆಂಬರ್ ತಿಂಗಳ ಮಂಕು ರಾತ್ರಿ. ವಿಕ್ಟರ್ ತಾನು ಮಾಡಿದ ಜೀವಿಯ ಹಳದಿ ಕಣ್ಣು ತೆರೆದುಕೊಂಡದ್ದನ್ನು ಕಂಡು ಓಡಿಹೋಗುತ್ತಾನೆ. 'ಓಡು', 'ನಿಲ್ಲು' ಅಂತ ಎರಡು ಕೊಂಡಿ ಕೊಟ್ಟರೆ, ಕತೆ ಕೇಳಿ ಗೊತ್ತಿರುವ ವಿದ್ಯಾರ್ಥಿ 'ನಿಲ್ಲು' ಒತ್ತಿ ಒಳ್ಳೆಯವನಾಗಿಬಿಡುತ್ತಾನೆ. ವಿಕ್ಟರ್‌ನ ಅಸಹ್ಯ, ಆಯಾಸ, ನಾಚಿಕೆ ಯಾವುದೂ ಅವನಿಗೆ ತಾಕುವುದೇ ಇಲ್ಲ. ಅದರ ಬದಲು ಅದೇ ರಾತ್ರಿಯನ್ನು ಜೀವಿಯ ಕಡೆಯಿಂದ ಆಡಿಸಿ. ತನ್ನ ಮೊದಲ ದಿನಗಳ ನೆನಪು ತನಗೆ ಮಸುಕು, ನೋಟ, ಸದ್ದು, ವಾಸನೆ ಎಲ್ಲ ಒಂದರಲ್ಲೊಂದು ಕಲಸಿಹೋಗಿದ್ದವು ಅಂತ ಮೂಲದಲ್ಲಿ ಅದೇ ಹೇಳಿಕೊಳ್ಳುತ್ತದೆ. ಇನ್ನೂ ಭಾಷೆ ಬಾರದ ಜೀವಿಗೆ ವಾಕ್ಯ ಎಲ್ಲಿಂದ ಬರಬೇಕು? ಪುಟದಲ್ಲಿ ಬರೀ ಮೂರು ಪದ ಇಡಿ: ಬೆಳಕು. ಚಳಿ. ಮುಖ. 'ಮುಖ' ಒತ್ತಿದವರಿಗೆ ಓಡಿಹೋಗುವ ಬೆನ್ನು ಕಾಣಲಿ.

ಡ್ರಾಕುಲಾಗೆ ಮರಳುತ್ತೇನೆ, ಏಕೆಂದರೆ ಅದರ ರಚನೆಯೇ ಅರ್ಧ ಆಟ. ಇಡೀ ಕಾದಂಬರಿ ಡೈರಿ, ಪತ್ರ, ತಂತಿ, ಪತ್ರಿಕಾ ವರದಿ, ಫೋನೋಗ್ರಾಫಿನಲ್ಲಿ ಮಾತಾಡಿ ಇಟ್ಟ ಟಿಪ್ಪಣಿಗಳ ಕಂತೆ. ಕತೆಯೊಳಗೇ ಮೀನಾ ಎಂಬಾಕೆ ಕುಳಿತು ಅವನ್ನೆಲ್ಲ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಚೂರು ಗೊತ್ತಿದ್ದದ್ದು ಆಗ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ಆ ಜೋಡಿಸುವ ಕೆಲಸವನ್ನು ಆಡುವವರ ಕೈಗೆ ಕೊಟ್ಟರೆ ಅವರು ಪ್ರತಿ ಕಾಗದವನ್ನೂ ಎರಡು ಸಲ ಓದಬೇಕಾಗುತ್ತದೆ. ಗದರದೆ ಎರಡು ಸಲ ಓದಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು ಎಷ್ಟು ಭಯಂಕರ ಅಂತ ತೋರಿಸುವ ಒಂದು ದೃಶ್ಯವಿದೆ. ಯಾವ ರಕ್ತವೂ ಹರಿಯದ, ಮನೆಯೊಳಗಿನ ದೃಶ್ಯ. ಲೂಸಿ ಎಂಬ ಹುಡುಗಿ ದಿನೇ ದಿನೇ ಬಿಳಚಿಕೊಳ್ಳುತ್ತಿದ್ದಾಳೆ. ವೈದ್ಯ ವ್ಯಾನ್ ಹೆಲ್ಸಿಂಗ್ ಅವಳ ಕೋಣೆಯ ತುಂಬ ಬೆಳ್ಳುಳ್ಳಿ ಹೂ ಇಡಿಸಿ, ಕಿಟಕಿ ಭದ್ರಮಾಡಿ ಹೋಗುತ್ತಾನೆ. ಏಕೆ ಅಂತ ಯಾರಿಗೂ ಹೇಳುವುದಿಲ್ಲ. ರಾತ್ರಿ ಅವಳ ತಾಯಿ ಕೋಣೆಗೆ ಬರುತ್ತಾರೆ.

ಇಲ್ಲಿ ಆಟ ನಿಮ್ಮನ್ನು ಆ ತಾಯಿಯಾಗಿಸಲಿ. ಒಂದು ನಿಯಮ ಇರಲಿ: ಆ ಹೊತ್ತಿಗೆ ಆ ತಾಯಿಗೆ ಗೊತ್ತಿರುವುದಷ್ಟೇ ಕೊಂಡಿಯಾಗಬೇಕು. ಮಗಳು ಮಲಗಿದ್ದಾಳೆ. ಕೋಣೆ ಉಸಿರು ಕಟ್ಟುವ ಹಾಗಿದೆ. ಹೂವಿನ ಘಾಟು ಮೂಗಿಗೆ ಹೊಡೆಯುತ್ತಿದೆ. ಮೊದಲ ಕೊಂಡಿ, 'ಹೂ ತೆಗೆದುಬಿಡು'. ಎರಡನೆಯದು, 'ಸ್ವಲ್ಪ ಗಾಳಿ ಬರಲಿ, ಕಿಟಕಿ ತೆರೆ'. ಅಷ್ಟೇ. ರಕ್ತಪಿಶಾಚಿ ಅನ್ನುವ ಪದ ಆ ಪುಟದಲ್ಲಿ ಎಲ್ಲೂ ಇಲ್ಲ, ಏಕೆಂದರೆ ಆ ತಾಯಿಯ ತಲೆಯಲ್ಲಿ ಅದು ಇಲ್ಲ. ಆದರೆ ನಿಮ್ಮ ತಲೆಯಲ್ಲಿ ಇದೆ. ಬೆಳ್ಳುಳ್ಳಿ ಹೂ ಇಟ್ಟದ್ದು ಅದನ್ನು ತಡೆಯಲು ಅಂತ ನಿಮಗೆ ಗೊತ್ತು. ಪಾತ್ರಕ್ಕೆ ತಿಳಿಯದ್ದು ಓದುಗರಿಗೆ ತಿಳಿದಿರುವ ಈ ಬಗೆಯನ್ನು ಪಾಠದಲ್ಲಿ ನಾಟಕೀಯ ವ್ಯಂಗ್ಯ ಅಂತ ಬರೆಸುತ್ತಾರೆ. ಇಲ್ಲಿ ಅದು ಬೆರಳ ತುದಿಯಲ್ಲಿ ಕೂತಿದೆ. ಪ್ರೀತಿಯಿಂದಲೇ ಕಿಟಕಿ ತೆರೆಯಬೇಕು.

ಬೆಳಿಗ್ಗೆ ಆ ತಾಯಿ ಸಂತೋಷದಿಂದ ವೈದ್ಯರಿಗೆ ಇದನ್ನು ಹೇಳುತ್ತಾರೆ. ಅವರು ಅತ್ತ ಹೋಗುವ ತನಕ ವ್ಯಾನ್ ಹೆಲ್ಸಿಂಗ್ ಮುಖ ಬಿಗಿಹಿಡಿದು ನಿಂತಿದ್ದು, ಆಮೇಲೆ ಕುಸಿದು ಅಳುತ್ತಾನೆ. ಆಡುವವರು ಕೇಳುವ ಪ್ರಶ್ನೆ ಒಂದೇ ಇರುತ್ತದೆ: ಮೊದಲೇ ಹೇಳಬಾರದಿತ್ತಾ? ಆಗ ಹಿಂದಕ್ಕೆ ಹೋಗಿ ಮೂಲದ ಪುಟ ತಿರುವಿ ಹಾಕಬೇಕು. ತಾಯಿಯ ಹೃದಯ ಸೋತಿದೆ, ದೊಡ್ಡ ಆಘಾತ ತಡೆಯುವ ಶಕ್ತಿ ಇಲ್ಲ ಅನ್ನುವುದು ಅಲ್ಲಿದೆ. ಅದನ್ನು ಓದಿಕೊಂಡು ಬಂದವರನ್ನು ಈ ಸಲ ವೈದ್ಯನ ಜಾಗದಲ್ಲಿ ನಿಲ್ಲಿಸಬೇಕು. ಕೋಣೆಯ ಹೊರಗೆ, ಕೈಯಲ್ಲಿ ಉಳಿದ ಹೂ, ಎದುರಿಗೆ ಆ ತಾಯಿ. ಕೆಳಗೆ ಎರಡು ಕೊಂಡಿ: 'ಹೇಳು', 'ಹೇಳಬೇಡ'.