ಟಾಕ್ ಟಾಕ್: ಸಿಂಥಸೈಜರ್‌ನಿಂದ ಮೌನದವರೆಗಿನ ಒಂಬತ್ತು ವರ್ಷ

ಲಂಡನ್ನಿನ ಟಾಕ್ ಟಾಕ್ ತಂಡ ಹೊರತಂದದ್ದು ಐದೇ ಆಲ್ಬಂ. 1982ರ ‘ದಿ ಪಾರ್ಟೀಸ್ ಓವರ್’ ಸಿಂಥಸೈಜರ್ (ವಿದ್ಯುನ್ಮಾನವಾಗಿ ಸದ್ದು ಹುಟ್ಟಿಸುವ ವಾದ್ಯ) ಮತ್ತು ಡ್ರಮ್‌ಗಳ ಚುರುಕಾದ ಪಾಪ್ ಸಂಗೀತ. 1991ರ ‘ಲಾಫಿಂಗ್ ಸ್ಟಾಕ್’ ಶುರುವಾಗುವುದೇ ಆಂಪ್ಲಿಫೈಯರಿನ ಬರಿಯ ಸುಯ್ ಎನ್ನುವ ಸದ್ದಿನಿಂದ. ಈ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದವರು, ತಂಡ ಜನಪ್ರಿಯತೆಗೆ ಬೆನ್ನು ತಿರುಗಿಸಿ ಬೇರೊಂದು ದಾರಿ ಹಿಡಿಯಿತು ಎಂಬ ತೀರ್ಮಾನಕ್ಕೆ ಬರುವುದು ಸಹಜ. ವಿಮರ್ಶಕರೂ ಬಹುಕಾಲ ಹಾಗೆಯೇ ಬರೆದರು. ಆದರೆ ನಡುವಿನ ಆಲ್ಬಂಗಳನ್ನು ಕ್ರಮವಾಗಿ ಕೇಳುತ್ತ ಹೋದರೆ, ಗಾಯಕ ಮಾರ್ಕ್ ಹಾಲಿಸ್ ಆರಂಭದಿಂದಲೂ ಹುಡುಕುತ್ತಿದ್ದದ್ದು ಒಂದನ್ನೇ, ಅದನ್ನು ಮಾಡುವಷ್ಟು ಹಣ ಮತ್ತು ಸಮಯ ಮಾತ್ರ ಅವರ ಕೈಗೆ ತಡವಾಗಿ ಬಂತು ಎಂದು ನನಗೆ ಅನ್ನಿಸುತ್ತದೆ.

ಮೊದಲ ಆಲ್ಬಮ್ಮಿನ ಸದ್ದು ಪೂರ್ತಿಯಾಗಿ ತಂಡದ ಆಯ್ಕೆಯಾಗಿರಲಿಲ್ಲ. ಅವರ ಆಲ್ಬಂಗಳನ್ನು ಹೊರತರುತ್ತಿದ್ದ ಇಎಂಐ ಕಂಪನಿ ಅವರನ್ನು ತನ್ನದೇ ಜನಪ್ರಿಯ ಪಾಪ್ ತಂಡವಾದ ಡುರಾನ್ ಡುರಾನ್ ಸಾಲಿನಲ್ಲಿ ನಿಲ್ಲಿಸಲು ಬಯಸಿತ್ತು. ನಿರ್ಮಾಪಕ ಕಾಲಿನ್ ಥರ್ಸ್ಟನ್ ಆ ತಂಡದ ಆಲ್ಬಂಗಳನ್ನೂ ರೂಪಿಸಿದವರು, ಟಾಕ್ ಟಾಕ್ ಮೊದಲಿಗೆ ಪ್ರವಾಸ ಹೋದದ್ದೂ ಡುರಾನ್ ಡುರಾನ್ ಜೊತೆಯಲ್ಲೇ. ಸಿಂಥಸೈಜರ್ ಬಳಸಿದ್ದು ಉಳಿತಾಯದ ದೃಷ್ಟಿಯಿಂದ, ಹಣವಿದ್ದಿದ್ದರೆ ನಿಜವಾದ ವಾದ್ಯಗಳನ್ನೇ ನುಡಿಸಬಹುದಿತ್ತು ಎಂಬ ಅರ್ಥದ ಮಾತನ್ನು ಹಾಲಿಸ್ ಮುಂದೆ ಆಡಿದ್ದಾರೆ. ಆ ಒಂಬತ್ತು ಹಾಡುಗಳಲ್ಲಿ ಇಂದಿಗೂ ಮಾಸದೆ ಉಳಿದಿರುವುದು ಅವರ ಕಂಠ: ಪದಗಳನ್ನು ಅರ್ಧ ನುಂಗಿ, ಸ್ವರದ ತುದಿಯಲ್ಲಿ ನಡುಗುವ ಆ ಗಾಯನ ಸುತ್ತಲಿನ ಹೊಳಪಿಗೆ ಒಗ್ಗದೆಯೇ ನಿಲ್ಲುತ್ತದೆ.

1984ರ ‘ಇಟ್ಸ್ ಮೈ ಲೈಫ್’ ಹೊತ್ತಿಗೆ ಟಿಮ್ ಫ್ರೀಸ್-ಗ್ರೀನ್ ನಿರ್ಮಾಪಕರಾಗಿ ಬಂದು, ಕ್ರಮೇಣ ಹಾಲಿಸ್ ಜೊತೆ ಹಾಡು ಕಟ್ಟುವ ಪಾಲುದಾರರಾದರು. ನಿಜವಾದ ತಿರುವು ಕಾಣುವುದು 1986ರ ‘ದಿ ಕಲರ್ ಆಫ್ ಸ್ಪ್ರಿಂಗ್’ನಲ್ಲಿ. ಸಿಂಥಸೈಜರ್ ಹಿಂದೆ ಸರಿದು ಪಿಯಾನೋ, ಗಿಟಾರ್ ಮತ್ತು ಸ್ಟೀವ್ ವಿನ್‌ವುಡ್ ಅವರ ಆರ್ಗನ್ ಮುಂದೆ ಬಂದವು. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿದ ಈ ಆಲ್ಬಂ ‘ಲೈಫ್ಸ್ ವಾಟ್ ಯು ಮೇಕ್ ಇಟ್’ ಎಂಬ ಯಶಸ್ವಿ ಹಾಡಿಗೆ ಹೆಸರಾಯಿತು. ಆದರೆ ಮುಂದಿನದರ ಸುಳಿವು ಇರುವುದು ಅಷ್ಟಾಗಿ ಮಾತಿಗೆ ಬಾರದ ‘ಏಪ್ರಿಲ್ ಫಿಫ್ತ್’ ಮತ್ತು ‘ಕಮೀಲಿಯನ್ ಡೇ’ಗಳಲ್ಲಿ. ಎರಡರಲ್ಲೂ ತಾಳದ ಒತ್ತಡವೇ ಕರಗಿಹೋಗಿ, ಸ್ವರಗಳ ನಡುವಿನ ತೆರಪು ಹಾಡಿನ ಭಾಗವೇ ಆಗಿಬಿಡುತ್ತದೆ.

ಈ ಯಶಸ್ಸೇ ಮುಂದಿನ ಆಲ್ಬಮ್ಮಿಗೆ ಬೇಕಾದ ಸ್ವಾತಂತ್ರ್ಯವನ್ನು ಕೊಂಡುಕೊಟ್ಟಿತು. 1987ರಲ್ಲಿ ತಂಡ, ಹಿಂದೆ ಚರ್ಚ್‌ಗೆ ಸೇರಿದ್ದ ಕಟ್ಟಡದಲ್ಲಿದ್ದ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋ ಹೊಕ್ಕಿತು. ಧ್ವನಿಮುದ್ರಣ ಎಂಜಿನಿಯರ್ ಫಿಲ್ ಬ್ರೌನ್ ವಿವರಿಸಿರುವಂತೆ, ಕತ್ತಲೆ ಕವಿದ ಕೋಣೆಯಲ್ಲಿ ಎಣ್ಣೆಯ ಬಣ್ಣಗಳು ಹರಿದಾಡುವ ಪ್ರೊಜೆಕ್ಟರ್ ಬೆಳಕು ಮತ್ತು ಬಿಟ್ಟುಬಿಟ್ಟು ಮಿನುಗುವ ಸ್ಟ್ರೋಬ್ ದೀಪ ಮಾತ್ರ ಇರುತ್ತಿದ್ದವು. ಅತಿಥಿ ವಾದಕರು ಬಂದು, ಹೆಚ್ಚಿನ ಸೂಚನೆಯಿಲ್ಲದೆ ತಮಗೆ ತೋಚಿದ್ದನ್ನು ನುಡಿಸುತ್ತಿದ್ದರು. ಬಳಿಕ ಹಾಲಿಸ್ ಮತ್ತು ಫ್ರೀಸ್-ಗ್ರೀನ್ ಆ ದೀರ್ಘ ಮುದ್ರಿಕೆಗಳಿಂದ ಕೆಲವೇ ಸ್ವರಗಳನ್ನು ಆರಿಸಿ, ಉಳಿದದ್ದನ್ನು ಕೈಬಿಟ್ಟು ಹಾಡು ಕಟ್ಟುತ್ತಿದ್ದರು. ಹೀಗೆ ಹುಟ್ಟಿದ 1988ರ ‘ಸ್ಪಿರಿಟ್ ಆಫ್ ಈಡನ್’ನಲ್ಲಿ ಇರುವುದು ಆರೇ ಹಾಡು. ಮೊದಲ ಮೂರು ಬಿಡುವಿಲ್ಲದೆ ಒಂದರೊಳಗೊಂದು ಹರಿಯುತ್ತವೆ. ಮಾರ್ಕ್ ಫೆಲ್ತಮ್ ಅವರ ಹಾರ್ಮೋನಿಕಾ ದೂರದಿಂದ ಒಮ್ಮೆಗೇ ಎರಗಿ ಬರುವ ಕ್ಷಣ ನನಗೆ ಇಂದಿಗೂ ಅಚ್ಚರಿ ತರುತ್ತದೆ.

ಇಷ್ಟು ಹಣ ಸುರಿದ ಇಎಂಐಗೆ ಸಿಕ್ಕಿದ್ದು ರೇಡಿಯೋದಲ್ಲಿ ಹಾಕಲಾಗದ ಸಂಗೀತ. ತಂಡದ ಕಡೆಯಿಂದ ಪ್ರವಾಸ ಕಛೇರಿಗಳೂ ಇರಲಿಲ್ಲ. ಒಪ್ಪಂದದ ಅವಧಿಯ ಬಗ್ಗೆ ವ್ಯಾಜ್ಯ ಹುಟ್ಟಿ, ಮೊದಲು ಕಂಪನಿಯ ಪರವಾಗಿ ಬಂದ ತೀರ್ಪು ಮೇಲ್ಮನವಿಯಲ್ಲಿ ತಂಡದ ಪರವಾಗಿ ತಿರುಗಿತು. 1990ರಲ್ಲಿ ಕಂಪನಿ ಹಳೆಯ ಹಾಡುಗಳ ಸಂಕಲನವನ್ನು ಹೊರತಂದಾಗ ಅದು ಚೆನ್ನಾಗಿ ಮಾರಾಟವಾಯಿತು, ‘ಇಟ್ಸ್ ಮೈ ಲೈಫ್’ ಮರುಬಿಡುಗಡೆಯಾಗಿ ಬ್ರಿಟನ್ನಿನಲ್ಲಿ 13ನೆಯ ಸ್ಥಾನ ತಲುಪಿತು. ಹಾಲಿಸ್ ದಾಟಿ ಬಂದಿದ್ದ ಸಂಗೀತವೇ ಅವರನ್ನು ಮತ್ತೆ ಪಟ್ಟಿಗೆ ತಂದಿತ್ತು. ಮರುವರ್ಷ ಒಪ್ಪಿಗೆಯಿಲ್ಲದೆ ಬಂದ ರೀಮಿಕ್ಸ್ ಸಂಕಲನದ ವಿರುದ್ಧ ತಂಡ ನ್ಯಾಯಾಲಯಕ್ಕೆ ಹೋಯಿತು.

ಬೇರೆ ಕಂಪನಿಯಿಂದ ಬಂದ ‘ಲಾಫಿಂಗ್ ಸ್ಟಾಕ್’ ಹೊತ್ತಿಗೆ ಬಾಸ್ ವಾದಕ ಪಾಲ್ ವೆಬ್ ತಂಡ ಬಿಟ್ಟಿದ್ದರು. ಅದರ ‘ಆಫ್ಟರ್ ದ ಫ್ಲಡ್’ನಲ್ಲಿ ಒಂದೇ ಸ್ವರ ಒಡೆದು, ಗೀರಿ, ನಿಮಿಷಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಹಿಂದೂಸ್ತಾನಿ ಆಲಾಪದಲ್ಲಿ ಗಾಯಕರು ಒಂದು ಸ್ವರದ ಮೇಲೆ ನೆಲೆ ನಿಲ್ಲುವುದನ್ನು ಕೇಳಿ ಬಲ್ಲ ನಮ್ಮ ಕಿವಿಗೆ ಇದು ಅಷ್ಟೇನೂ ವಿಚಿತ್ರವೆನಿಸದು. ‘ನ್ಯೂ ಗ್ರಾಸ್’ನಲ್ಲಿ ಲೀ ಹ್ಯಾರಿಸ್ ಅವರ ಡ್ರಮ್ ಒಂಬತ್ತು ನಿಮಿಷಕ್ಕೂ ಮಿಕ್ಕಿ ಒಂದೇ ಲಯವನ್ನು ಹಿಡಿದು ಸಾಗುತ್ತದೆ.

1994ರಲ್ಲಿ ವಿಮರ್ಶಕ ಸೈಮನ್ ರೇನಾಲ್ಡ್ಸ್, ರಾಕ್ ವಾದ್ಯಗಳಿಂದಲೇ ರಾಕ್ ಅಲ್ಲದ ಸಂಗೀತ ಕಟ್ಟುವ ಶೈಲಿಗೆ ಪೋಸ್ಟ್-ರಾಕ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದ ಮೇಲೆ, ಕೊನೆಯ ಎರಡು ಆಲ್ಬಂಗಳು ಆ ಪರಂಪರೆಯ ಮೂಲಗಳಲ್ಲಿ ಸೇರಿದವು. ಅದು ನ್ಯಾಯವೇ ಆದರೂ, ಅದರಿಂದ ಮೊದಲ ಮೂರು ಆಲ್ಬಂಗಳು ಬರಿಯ ಮುನ್ನುಡಿಯಾಗಿ ಉಳಿದುಹೋದದ್ದು ಬೇಸರದ ಸಂಗತಿ. ಹಾಲಿಸ್ 1998ರಲ್ಲಿ ತಮ್ಮ ಹೆಸರಿನ ಒಂದು ಆಲ್ಬಂ ತಂದು, ಬಹುಪಾಲು ಸಂಗೀತಲೋಕದಿಂದ ಸರಿದುನಿಂತರು, 2019ರಲ್ಲಿ ತೀರಿಕೊಂಡರು. ಹೊಸದಾಗಿ ಕೇಳುವವರು ‘ದಿ ಕಲರ್ ಆಫ್ ಸ್ಪ್ರಿಂಗ್’ನಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗುವುದು ಒಳ್ಳೆಯದು.