ರೀಲೋಡ್ ಗಿಫ್ಟ್ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ: ಬಿಲ್ಲಿಗೆ ಎರಡು ರೂಪಾಯಿ ಕಡಿಮೆ ಬಿದ್ದರೆ

ಬ್ಯಾಂಕ್ ಅಥವಾ ವ್ಯಾಲೆಟ್ ಕಂಪನಿ ಕೊಡುವ ಗಿಫ್ಟ್ ಕಾರ್ಡಿಗೆ ನಮ್ಮ ದೇಶದಲ್ಲಿ ಎರಡನೇ ಸಲ ಹಣ ತುಂಬಿಸಲು ಬರುವುದಿಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರೀಪೇಯ್ಡ್ ಪಾವತಿ ಸಾಧನಗಳ ನಿರ್ದೇಶನ ಇದನ್ನು ನೇರವಾಗಿಯೇ ಹೇಳುತ್ತದೆ. ಗಿಫ್ಟ್ ಕಾರ್ಡಿನ ಗರಿಷ್ಠ ಮೌಲ್ಯ 10,000 ರೂಪಾಯಿ. ತುಂಬಿದ್ದು ಖರ್ಚಾದರೆ ಮುಗಿಯಿತು. ಎಟಿಎಂನಲ್ಲಿ ನಗದು ತೆಗೆಯುವಂತಿಲ್ಲ, ಇನ್ನೊಬ್ಬರಿಗೆ ಹಣ ಕಳಿಸುವಂತೆಯೂ ಇಲ್ಲ.

ಹಾಗಾದರೆ ನಮ್ಮ ಕೊಡಗಿನ ಮಡಿಕೇರಿ, ಗೋಣಿಕೊಪ್ಪದ ಕಡೆ ಜನ ‘ರೀಚಾರ್ಜ್ ಆಗುವ ಗಿಫ್ಟ್ ಕಾರ್ಡ್’ ಅನ್ನುವುದು ಯಾವುದನ್ನು? ಹೆಚ್ಚಿನ ಸಲ ಅದು ಉಡುಗೊರೆಯಾಗಿ ಬಂದ, ಮತ್ತೆ ಮತ್ತೆ ಹಣ ತುಂಬಬಹುದಾದ (ರೀಲೋಡ್) ಪ್ರೀಪೇಯ್ಡ್ ಕಾರ್ಡ್. ಬೆಂಗಳೂರಿನ ಕಂಪನಿ ಬೋನಸ್ಸಿಗೆ ಕೊಟ್ಟಿರುತ್ತದೆ, ಇಲ್ಲವೇ ಮದುವೆಗೋ ಹುತ್ತರಿಗೋ ನೆಂಟರು ಕೊಟ್ಟಿರುತ್ತಾರೆ. ನೋಡಲು ಗಿಫ್ಟ್ ಕಾರ್ಡಿನ ಹಾಗೆಯೇ ಇದ್ದರೂ ಅದರ ನಿಯಮ ಬೇರೆ, ಮಿತಿ ಬೇರೆ. ಕೈಯಲ್ಲಿರುವುದು ಯಾವ ಜಾತಿಯದ್ದು ಎಂದು ಗೊತ್ತಾದರೆ, ಎಲ್ಲಿ ಬಳಸಬೇಕು, ವಾಪಸಾದ ಹಣ ಎಲ್ಲಿಗೆ ಬರುತ್ತದೆ, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಮೂರಕ್ಕೂ ಉತ್ತರ ಸಿಗುತ್ತದೆ. ಆದ್ದರಿಂದ ಸಾಮಾನು ಆರಿಸುವ ಮೊದಲು ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರ ಓದಿ.

16 ಅಂಕಿಯ ಸಂಖ್ಯೆ, ಮುಕ್ತಾಯದ ತಿಂಗಳು-ವರ್ಷ, ಮೂರಂಕಿಯ ಸಿವಿವಿ, ಜೊತೆಗೆ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತು ಇದ್ದರೆ ಅದು ನೆಟ್‌ವರ್ಕ್ ಕಾರ್ಡ್. ಕಾರ್ಡ್ ತೆಗೆದುಕೊಳ್ಳುವ ಬಹುತೇಕ ಅಂಗಡಿ, ಜಾಲತಾಣಗಳಲ್ಲಿ ನಡೆಯುತ್ತದೆ. ಅದು ಒಂದೇ ಸಲದ್ದೋ ರೀಲೋಡ್ ಆಗುವುದೋ ಎಂದು ಬರೀ ಮುಖ ನೋಡಿ ಹೇಳಲಾಗದು. ಕಾರ್ಡ್ ಕೊಟ್ಟ ಸಂಸ್ಥೆಯ ಆ್ಯಪ್‌ನಲ್ಲಿ ಹಣ ಸೇರಿಸುವ ಬಟನ್ ಇದೆಯೇ ನೋಡಿದರೆ ತಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಸಿವಿವಿ ಇರುವುದಿಲ್ಲ, ಒಂದು ಕೋಡ್ ಅಥವಾ ಕಾರ್ಡ್ ಸಂಖ್ಯೆ ಮತ್ತು ಪಿನ್ ಇರುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್‌ನ ಗಿಫ್ಟ್ ಕಾರ್ಡ್‌ಗಳು ಈ ಬಗೆಯವು. ಆಯಾ ಜಾಲತಾಣದ ನಿಮ್ಮ ಖಾತೆಗೆ ಸೇರಿಸಿಕೊಂಡು ಖರ್ಚು ಮಾಡಬೇಕು. ಒಮ್ಮೆ ಸೇರಿಸಿದ ಮೇಲೆ ಮಗಳ ಖಾತೆಗೆ ವರ್ಗಾಯಿಸುತ್ತೇನೆ ಎಂದರೆ ಆಗುವುದಿಲ್ಲ. ವಿದೇಶದಲ್ಲಿರುವವರು ಅಮೆರಿಕದ ಅಮೆಜಾನ್‌ನಲ್ಲಿ ಕೊಂಡು ಕಳಿಸಿದ ಕಾರ್ಡ್ ಭಾರತದ ಅಮೆಜಾನ್‌ನಲ್ಲಿ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೊರದೇಶದ ನೆಂಟರಿದ್ದಾರೆ, ಈ ಗೊಂದಲವೂ ಇದೆ.

ಈಗ ರೀಲೋಡ್ ಆಗುವ ಕಾರ್ಡಿನ ಮಿತಿ. ಪೂರ್ತಿ ಕೆವೈಸಿ ಇಲ್ಲದೆ, ಮೊಬೈಲ್ ಸಂಖ್ಯೆ ಮತ್ತು ಒಂದು ಗುರುತಿನ ದಾಖಲೆಯ ವಿವರ ಪಡೆದು ಕೊಟ್ಟ ಕಾರ್ಡಿನಲ್ಲಿ ಯಾವ ಕ್ಷಣದಲ್ಲೂ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ; ಒಂದು ತಿಂಗಳಲ್ಲಿ ತುಂಬಬಹುದಾದದ್ದು 10,000, ಒಂದು ಹಣಕಾಸು ವರ್ಷದಲ್ಲಿ 1,20,000. ಮೊದಲೆರಡು ಮಿತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂಬುದನ್ನು ಜನ ಮರೆಯುತ್ತಾರೆ. ಕಾರ್ಡಿನಲ್ಲಿ 3,200 ಉಳಿದಿದ್ದರೆ ಈಗ ತುಂಬಬಹುದಾದದ್ದು 6,800 ಮಾತ್ರ. ತಿಂಗಳ ಮೊದಲ ವಾರ 10,000 ತುಂಬಿ ಅಷ್ಟನ್ನೂ ಖರ್ಚು ಮಾಡಿದ್ದರೆ, ಕಾರ್ಡ್ ಖಾಲಿ ಇದ್ದರೂ ಮುಂದಿನ ತಿಂಗಳವರೆಗೆ ಒಂದು ರೂಪಾಯಿ ಕೂಡ ಏರುವುದಿಲ್ಲ. 14,000 ರೂಪಾಯಿಯ ಟಿವಿಯನ್ನು ಇಂಥ ಕಾರ್ಡಿನಲ್ಲಿ ಕೊಳ್ಳಲು ದಾರಿಯೇ ಇಲ್ಲ. ಅದಕ್ಕೆ ಪೂರ್ತಿ ಕೆವೈಸಿ ಬೇಕು. ಆಗ ಮಿತಿ 2,00,000 ರೂಪಾಯಿಗೆ ಏರುತ್ತದೆ. ವಿಡಿಯೊ ಕರೆಯಲ್ಲಿ ಕೆವೈಸಿ ಮಾಡುವ ಸಂಸ್ಥೆಗಳಿವೆ. ಆಧಾರ್, ಪ್ಯಾನ್ ಹತ್ತಿರವಿರಲಿ, ಸಿಗ್ನಲ್ ಗಟ್ಟಿಯಿರುವ ಜಾಗದಲ್ಲಿ ಕೂರಿ.

ಕಾರ್ಡಿಗೆ ಹಣ ಬಿದ್ದಿದೆ, ಆದರೂ ಆನ್‌ಲೈನ್ ಪಾವತಿ ಆಗುತ್ತಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದದ್ದು ಸ್ವಿಚ್ಚನ್ನು. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಸುತ್ತೋಲೆಯ ನಂತರ ಹೊಸ ಕಾರ್ಡ್‌ಗಳು ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ಸಿದ್ಧವಾಗಿ ಬರುತ್ತವೆ. ಆನ್‌ಲೈನ್ ಬಳಕೆಯನ್ನು ಕಾರ್ಡುದಾರರೇ ಆನ್ ಮಾಡಬೇಕು. ಒಂದೇ ಸಲದ ಗಿಫ್ಟ್ ಕಾರ್ಡಿಗೆ ಈ ನಿಯಮ ಕಡ್ಡಾಯವಲ್ಲ. ಹಾಗಾಗಿಯೇ ಗಿಫ್ಟ್ ಕಾರ್ಡ್ ಕೈಗೆ ಬಂದ ದಿನವೇ ನಡೆಯುತ್ತದೆ, ಅದರ ಪಕ್ಕದ ರೀಲೋಡ್ ಕಾರ್ಡ್ ನಡೆಯುವುದಿಲ್ಲ. ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ ತೆರೆದು ‘ಆನ್‌ಲೈನ್ ವಹಿವಾಟು’ ಆನ್ ಮಾಡಿ, ಅಲ್ಲೇ ಒಂದು ವಹಿವಾಟಿನ ಮಿತಿ ಎಷ್ಟಿದೆ ಎಂದೂ ನೋಡಿ. ಮಿತಿ 2,000ಕ್ಕೆ ಇದ್ದರೆ 2,400ರ ಬಿಲ್ ಕಟ್ಟಲಾಗದು, ಕಾರ್ಡಿನಲ್ಲಿ 8,000 ಇದ್ದರೂ ಅಷ್ಟೇ. ವಿದೇಶಿ ಬಳಕೆಯ ಸ್ವಿಚ್ ಇದ್ದರೆ ಅದನ್ನು ಆಫ್ ಇಟ್ಟಿರಿ.

ಎರಡನೇ ಅನುಮಾನ ಓಟಿಪಿ. ಕಂಪನಿ ನೂರಾರು ಕಾರ್ಡ್ ಒಟ್ಟಿಗೆ ಖರೀದಿಸಿ ಹಂಚಿದ್ದರೆ, ಅದಕ್ಕೆ ನಿಮ್ಮ ಮೊಬೈಲ್ ಜೋಡಣೆಯಾಗಿರುವುದಿಲ್ಲ. ಕಾರ್ಡ್ ನೀಡಿದ ಸಂಸ್ಥೆಯ ತಾಣದಲ್ಲಿ ಮೊದಲು ನೋಂದಾಯಿಸಬೇಕು. ನೆಂಟರು ತಮ್ಮ ಸಂಖ್ಯೆ ಕೊಟ್ಟು ಕೊಂಡಿದ್ದರೆ ಓಟಿಪಿ ಅವರ ಫೋನಿಗೆ ಹೋಗುತ್ತದೆ.

ಸಂಖ್ಯೆ ಸರಿಯಿದ್ದರೂ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಕಾಟ ಬೇರೆ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಕರೆಂಟ್ ಹೋಗಿ ಟವರ್ ಬ್ಯಾಟರಿ ಇಳಿದರೆ ಓಟಿಪಿ ಬರುವಷ್ಟರಲ್ಲಿ ಪುಟದ ಅವಧಿ ಮುಗಿದಿರುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು ಫೋನಿನಲ್ಲಿ ವೈ-ಫೈ ಕಾಲಿಂಗ್ ಇದ್ದರೆ ಆನ್ ಮಾಡಿ. ಹಲವು ಫೋನ್‌ಗಳಲ್ಲಿ ಎಸ್‌ಎಂಎಸ್ ಕೂಡ ಆ ದಾರಿಯಲ್ಲಿ ಬರುತ್ತದೆ. ಬರಲಿಲ್ಲವೆಂದು ಮೇಲಿಂದ ಮೇಲೆ ‘ಮತ್ತೆ ಕಳಿಸಿ’ ಒತ್ತುವುದು ಕೆಡುಕು: ನಾಲ್ಕು ಓಟಿಪಿ ಒಟ್ಟಿಗೆ ಬಂದು ಬೀಳುತ್ತವೆ, ನಡೆಯುವುದು ಸಾಮಾನ್ಯವಾಗಿ ಕೊನೆಯದೊಂದೇ, ಉಳಿದದ್ದನ್ನು ಹಾಕಿ ಹಾಕಿ ಕಾರ್ಡ್ ಬ್ಲಾಕ್ ಆಗುತ್ತದೆ. ಎರಡು ಸಲ ತಪ್ಪಿದರೆ ಅಲ್ಲಿಗೆ ಬಿಟ್ಟು ಸಿಗ್ನಲ್ ಸರಿಯಾದ ಮೇಲೆ ಹೊಸದಾಗಿ ಶುರು ಮಾಡಿ.

ಪಾವತಿ ಪುಟದಲ್ಲಿ ಆಗುವ ತಪ್ಪು ಒಂದಿದೆ. ‘ಗಿಫ್ಟ್ ಕಾರ್ಡ್ ಸೇರಿಸಿ’ ಎಂಬ ಪೆಟ್ಟಿಗೆ ಕಂಡ ಕೂಡಲೇ ಬ್ಯಾಂಕಿನ ಕಾರ್ಡಿನ 16 ಅಂಕಿಯನ್ನು ಅಲ್ಲಿ ತುಂಬುತ್ತಾರೆ, ‘ಅಮಾನ್ಯ’ ಎಂದು ಬರುತ್ತದೆ. ಆ ಪೆಟ್ಟಿಗೆ ಕೋಡ್ ಇರುವ ಕಾರ್ಡಿಗೆ ಮಾತ್ರ. ನೆಟ್‌ವರ್ಕ್ ಗುರುತಿನ ಕಾರ್ಡ್ ಗಿಫ್ಟ್ ಆಗಿರಲಿ, ರೀಲೋಡ್ ಆಗಿರಲಿ, ‘ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್’ ಸಾಲಿನಲ್ಲೇ ಹಾಕಬೇಕು. ಕಾರ್ಡಿನ ಮೇಲೆ ಹೆಸರಿಲ್ಲದಿದ್ದರೆ ಹೆಸರಿನ ಜಾಗದಲ್ಲಿ ನಿಮ್ಮದೇ ಹೆಸರು ಬರೆಯಿರಿ, ತೊಂದರೆಯಿಲ್ಲ. ಕಾರ್ಡನ್ನು ಉಳಿಸಿಡಲೇ ಎಂದು ಕೇಳಿದರೆ ಒಂದೇ ಸಲದ ಕಾರ್ಡಿಗೆ ಬೇಡ ಅನ್ನಿ. 2022ರ ಅಕ್ಟೋಬರ್ 1ರಿಂದ ಜಾಲತಾಣಗಳು ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಬಳಸುವ ಟೋಕನ್ ಎಂಬ ಗುಪ್ತ ಸಂಕೇತ ಮಾತ್ರ ಇಟ್ಟುಕೊಳ್ಳುತ್ತವೆ. ಅದರಲ್ಲಿ ಅಪಾಯ ಕಡಿಮೆ. ಆದರೆ ಕಾರ್ಡನ್ನು ಪರೀಕ್ಷಿಸಲೆಂದು ಕೆಲವು ತಾಣಗಳು ಒಂದೆರಡು ರೂಪಾಯಿ ಹಿಡಿದಿಟ್ಟು ಆಮೇಲೆ ಬಿಡುತ್ತವೆ, ಆ ಒಂದೆರಡು ರೂಪಾಯಿಯೇ ಕೆಲವೊಮ್ಮೆ ಬಿಲ್ ಕೆಡಿಸುತ್ತದೆ.

ಅಸಲು ವಿಷಯ ಇದೇ. ಪಾವತಿ ಗೇಟ್‌ವೇ, ಅಂದರೆ ಜಾಲತಾಣದ ಪರವಾಗಿ ಕಾರ್ಡಿನಿಂದ ಹಣ ಪಡೆಯುವ ವ್ಯವಸ್ಥೆ, ಒಂದು ಕಾರ್ಡಿನಿಂದ ಇಡೀ ಬಿಲ್ಲನ್ನು ಕೇಳುತ್ತದೆ, ಇದ್ದಷ್ಟು ತೆಗೆದುಕೊಂಡು ಉಳಿದದ್ದಕ್ಕೆ ಕಾಯುವುದಿಲ್ಲ. ಜೂನ್ ಹತ್ತಿರ ಬಂತೆಂದು 2,000 ರೂಪಾಯಿಯ ಕಾರ್ಡಿನಲ್ಲಿ 1,499ರ ರೇನ್‌ಕೋಟ್, 449ರ ಗಮ್‌ಬೂಟ್ ಆರಿಸಿದಿರಿ ಎನ್ನಿ. ಮೊತ್ತ 1,948. ವಿಳಾಸ ಹಾಕಿದ ಮೇಲೆ ಡೆಲಿವರಿಗೆ 49 ಸೇರಿ 1,997, ಕೊನೆಯ ಪುಟದಲ್ಲಿ ಪ್ಲಾಟ್‌ಫಾರ್ಮ್ ಶುಲ್ಕವೆಂದು 5 ಸೇರಿ 2,002. ಎರಡು ರೂಪಾಯಿಗೆ ಇಡೀ ವಹಿವಾಟು ತಿರಸ್ಕಾರವಾಗುತ್ತದೆ. ಪರದೆಯ ಮೇಲೆ ‘ಬ್ಯಾಂಕ್ ನಿರಾಕರಿಸಿದೆ’ ಎಂದಷ್ಟೇ ಕಾಣುವುದರಿಂದ ಕಾರ್ಡೇ ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ. ಬ್ಯಾಲೆನ್ಸ್ ನೋಡಿಕೊಂಡು ಸಾಮಾನಿನ ಬೆಲೆಗೆ ಹೋಲಿಸಬೇಡಿ. ಪಾವತಿ ಬಟನ್ನಿನ ಮೇಲಿರುವ ಕೊನೆಯ ಮೊತ್ತಕ್ಕೆ ಹೋಲಿಸಿ.

ರೀಲೋಡ್ ಕಾರ್ಡಾದರೆ ಹತ್ತು ರೂಪಾಯಿ ಯುಪಿಐನಲ್ಲಿ ತುಂಬಿ ಕೆಲಸ ಮುಗಿಸಬಹುದು. ಕನಿಷ್ಠ ರೀಲೋಡ್ ಮೊತ್ತ, ರೀಲೋಡ್ ಶುಲ್ಕ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ತುಂಬಲು ಬಾರದ ಕಾರ್ಡಾದರೆ ಆರ್ಡರನ್ನು ಒಡೆಯಿರಿ. ರೇನ್‌ಕೋಟ್ ಕಾರ್ಡಿನಲ್ಲಿ, ಗಮ್‌ಬೂಟ್ ಬೇರೆ ಪಾವತಿಯಲ್ಲಿ. ಡೆಲಿವರಿ ಶುಲ್ಕ ಎರಡು ಸಲ ಬೀಳುತ್ತದೆಯೇ ಎಂದು ನೋಡಿ ಆಮೇಲೆ ಒಡೆಯಿರಿ. ಇನ್ನೊಂದು ಉಪಾಯವೆಂದರೆ ಕಾರ್ಡಿನ ಅಷ್ಟೂ ಹಣಕ್ಕೆ ಅದೇ ಜಾಲತಾಣದ ಗಿಫ್ಟ್ ಕಾರ್ಡ್ ಕೊಂಡು ನಿಮ್ಮ ಖಾತೆಗೆ ಸೇರಿಸುವುದು. ಖಾತೆಯ ಬ್ಯಾಲೆನ್ಸ್ ಜೊತೆಗೆ ಯುಪಿಐ ಅಥವಾ ಇನ್ನೊಂದು ಕಾರ್ಡ್ ಸೇರಿಸಿ ಕೊಡಲು ದೊಡ್ಡ ತಾಣಗಳು ಬಿಡುತ್ತವೆ. ಎಲ್ಲ ಕಾರ್ಡ್‌ಗಳನ್ನೂ ಇದಕ್ಕೆ ಒಪ್ಪುವುದಿಲ್ಲ, ಮತ್ತು ಆ ಹಣ ಅಲ್ಲಿಂದ ಹೊರಗೆ ಬರುವುದಿಲ್ಲ. ಆ ತಾಣದಲ್ಲಿ ಹೇಗೂ ಖರೀದಿಸುವವರಿಗೆ ಮಾತ್ರ ಇದು ಸರಿ.

ಕಡೆಗೆ ಉಳಿಯುವ 37 ರೂಪಾಯಿ, 61 ರೂಪಾಯಿಗಳನ್ನು ಆನ್‌ಲೈನ್‌ನಲ್ಲಿ ಮುಗಿಸಲು ಹೆಣಗಬೇಡಿ. ಪ್ಲಾಸ್ಟಿಕ್ ಕಾರ್ಡಾಗಿದ್ದರೆ ಕುಶಾಲನಗರದ ಯಾವುದಾದರೂ ಸೂಪರ್‌ಮಾರ್ಕೆಟ್ ಕೌಂಟರಿನಲ್ಲಿ ‘ಇದರಲ್ಲಿ 37 ಸ್ವೈಪ್ ಮಾಡಿ, ಉಳಿದದ್ದು ನಗದು’ ಎಂದರೆ ಆಯಿತು. ಮೊತ್ತವನ್ನು ಪೈಸೆ ಸಮೇತ ಹೇಳಿ.

ವಿಳಾಸದ ಪಿನ್‌ಕೋಡನ್ನು ಸಾಮಾನಿನ ಪುಟದಲ್ಲೇ ಹಾಕಿ ನೋಡುವ ಅಭ್ಯಾಸ ನಮ್ಮವರಿಗೆ ಬೇಕು. ಮಡಿಕೇರಿಯ 571201ಕ್ಕೆ ಬರುವ ಸಾಮಾನು ಒಳಗಿನ ತೋಟದ ಮನೆಗೆ ಬರುತ್ತದೆಂಬ ಖಾತ್ರಿಯಿಲ್ಲ. ಪಾವತಿಯಾದ ಮೇಲೆ ಕೊರಿಯರ್‌ನವರು ತಲುಪಿಸಲಾಗಲಿಲ್ಲವೆಂದು ಹಿಂದಕ್ಕೆ ಕಳಿಸಿದರೆ ಹಣ ಬಂದ ದಾರಿಯಲ್ಲೇ ಹೋಗುತ್ತದೆ, ಅಂದರೆ ಅದೇ ಕಾರ್ಡಿಗೆ. ಬ್ಯಾಲೆನ್ಸ್ ಸೊನ್ನೆಯಾಯಿತೆಂದು ಗಿಫ್ಟ್ ಕಾರ್ಡನ್ನು ಕತ್ತರಿಸಿ ಎಸೆದವರು ಪೇಚಿಗೆ ಬೀಳುವುದು ಇಲ್ಲಿ. ಸಾಮಾನು ಕೈಗೆ ಬಂದು, ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಕಾರ್ಡ್ ಇಟ್ಟುಕೊಳ್ಳಿ, ಎರಡೂ ಬದಿಯನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಇಡುವುದು ಮಾತ್ರ ಬೇಡ. ಈಗಾಗಲೇ ಎಸೆದಾಗಿದ್ದರೆ ಮಾರಾಟ ತಾಣದಿಂದ ರೀಫಂಡಿನ ಎಆರ್‌ಎನ್ (ಆ ಹಣದ ಜಾಡು ಹಿಡಿಯುವ ಉಲ್ಲೇಖ ಸಂಖ್ಯೆ) ಪಡೆದು, ಕಾರ್ಡಿನ ಕೊನೆಯ ನಾಲ್ಕು ಅಂಕಿಯೊಂದಿಗೆ ಕಾರ್ಡ್ ಕೊಟ್ಟ ಸಂಸ್ಥೆಗೆ ಬರೆಯಿರಿ. ರೀಫಂಡ್ ಸೇರಿ ಬ್ಯಾಲೆನ್ಸ್ 10,000 ದಾಟಿದರೂ ಚಿಂತೆಯಿಲ್ಲ, ರೀಫಂಡಿಗೆ ಆ ಮಿತಿ ಅಡ್ಡ ಬರಬಾರದೆಂದು ನಿಯಮವೇ ಇದೆ.

ಅವಧಿಯ ಬಗ್ಗೆ ಎರಡು ಮಾತು. ಇಂಥ ಕಾರ್ಡಿಗೆ ಕೊನೆಯ ಸಲ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಆಯಸ್ಸಿರಬೇಕು. ರೀಲೋಡ್ ಕಾರ್ಡಿನಲ್ಲಿ ಸತತ ಒಂದು ವರ್ಷ ಯಾವ ವಹಿವಾಟೂ ನಡೆಯದಿದ್ದರೆ ನೋಟಿಸ್ ಕೊಟ್ಟು ನಿಷ್ಕ್ರಿಯ ಮಾಡುತ್ತಾರೆ, ಮತ್ತೆ ಎಬ್ಬಿಸಲು ಗುರುತು ದೃಢಪಡಿಸಬೇಕಾಗುತ್ತದೆ. ಗಿಫ್ಟ್ ಕಾರ್ಡಿನ ಅವಧಿ ಮುಗಿದು ಹಣ ಉಳಿದಿದ್ದರೆ ‘ಹೋಯಿತು’ ಎಂದು ಬಿಡಬೇಡಿ, ನವೀಕರಿಸಿ ಕೊಡಿ ಎಂದು ಬರಹದಲ್ಲಿ ಕೇಳಿ.

ಹಣ ಕಡಿತವಾಗಿ ಆರ್ಡರ್ ಆಗದಿದ್ದರೆ ಅದೇ ಹೊತ್ತಿಗೆ ಮತ್ತೆ ಪಾವತಿ ಮಾಡಬೇಡಿ, ಅರ್ಧ ಗಂಟೆ ಬಿಟ್ಟು ಆರ್ಡರ್ ಪಟ್ಟಿ ನೋಡಿ. 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಕಾರ್ಡಿನ ಆನ್‌ಲೈನ್ ವಹಿವಾಟಿನಲ್ಲಿ ವ್ಯಾಪಾರಿಗೆ ದೃಢೀಕರಣ ಹೋಗಿರದಿದ್ದರೆ ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರಿನಲ್ಲಿ ದಿನಾಂಕ, ಸಮಯ, ಮೊತ್ತ, ಕಾರ್ಡಿನ ಕೊನೆಯ ನಾಲ್ಕಂಕಿ, ವಹಿವಾಟು ಸಂಖ್ಯೆ ಸಾಕು. ಇಡೀ ಸಂಖ್ಯೆ, ಸಿವಿವಿ ಬರೆಯಬೇಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಅಂಗಡಿಯೊಂದು ತನ್ನಲ್ಲಿ ಮಾತ್ರ ಬಳಸಲೆಂದು ತಾನೇ ಕೊಟ್ಟ ಕಾರ್ಡ್ ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಗ್ರಾಹಕ ಸಹಾಯವಾಣಿ 1915.

ಬ್ಯಾಲೆನ್ಸ್ ಎಷ್ಟಿದೆ ಎಂದು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ತಾಣದಲ್ಲಿ ಕಾರ್ಡ್ ಸಂಖ್ಯೆ, ಪಿನ್ ತುಂಬುವವರಿದ್ದಾರೆ. ನಕಲಿ ತಾಣಗಳು ಕಾಯುವುದು ಅದಕ್ಕೇ. ಕಾರ್ಡಿನ ಹಿಂದೆ ಅಚ್ಚಾಗಿರುವ ವಿಳಾಸವನ್ನೇ ಅಕ್ಷರ ಬಿಡದೆ ಟೈಪ್ ಮಾಡಿ. ಮೇಲಧಿಕಾರಿಯ ಫೋಟೊ ಹಾಕಿಕೊಂಡು ‘ಮೀಟಿಂಗಿನಲ್ಲಿದ್ದೇನೆ, ಐದು ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ’ ಎಂದು ಸಂದೇಶ ಬಂದರೆ ಅವರ ಹಳೆಯ ಸಂಖ್ಯೆಗೆ ಫೋನ್ ಮಾಡಿ ಕೇಳಿ. ಕೋಡ್ ಕಳಿಸಿಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಕಾರ್ಡ್ ಕೊಟ್ಟ ಸಂಸ್ಥೆಗೂ ಹೇಳಿ ತಡೆಹಿಡಿಸಿ. ಕೋಡ್ ಇನ್ನೊಬ್ಬರ ಖಾತೆಗೆ ಸೇರಿಬಿಟ್ಟರೆ ಹಣ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.