ಮಸಿಯನ್ನು ತಡೆದು ನಿಲ್ಲಿಸುವ ವಿದ್ಯೆ

ನಮ್ಮಜ್ಜನ ಹತ್ತಿರ ಒಂದು ಕಪ್ಪು ಇಂಕ್ ಪೆನ್ ಇತ್ತು. ಫಿಲ್ಲರಿನಿಂದ ನೇರವಾಗಿ ಹೊಟ್ಟೆಗೇ ಮಸಿ ತುಂಬಿಸುವಂಥದ್ದು. ಬೆಳಗ್ಗೆ ತುಂಬಿಸಿದರೆ ಮಧ್ಯಾಹ್ನದವರೆಗೆ ತಕರಾರಿಲ್ಲದೆ ಬರೆಯುತ್ತಿತ್ತು. ಮುಕ್ಕಾಲು ಪಾಲು ಖಾಲಿಯಾದ ಮೇಲೆ ಮಾತ್ರ ಇದ್ದಕ್ಕಿದ್ದಂತೆ ಒಂದು ದಪ್ಪ ಹನಿ ಕಾಗದದ ಮೇಲೆ ಬೀಳುತ್ತಿತ್ತು. ‘ಹೊಟ್ಟೆ ಖಾಲಿಯಾದಾಗಲೇ ಇದು ಕಕ್ಕೋದು ಕಣೋ’ ಅನ್ನುತ್ತಿದ್ದರು ಅಜ್ಜ. ತುಂಬಿದಾಗ ಚೆಲ್ಲಬೇಕಾದದ್ದು ಖಾಲಿಯಾದಾಗ ಯಾಕೆ ಚೆಲ್ಲುತ್ತದೆ? ಈ ಪ್ರಶ್ನೆ ನನ್ನನ್ನು ತುಂಬ ವರ್ಷ ಕಾಡಿತು.

ಈಗ ನನ್ನ ಜೇಬಿನಲ್ಲಿ ದಿನಾ ಇರುವುದು ಜಪಾನಿನ ಪೈಲಟ್ ಕಂಪನಿಯ ಕ್ಯಾಪ್‌ಲೆಸ್ ಇಂಕ್ ಪೆನ್. ಬ್ಯಾಗಿನಲ್ಲಿ ಅಲ್ಲಿನದೇ ಪ್ಲಾಟಿನಂ ಕಂಪನಿಯ ಒಂದು ಪ್ರೆಪ್ಪಿ. ಇವನ್ನು ಕೈಗೆ ತೆಗೆದುಕೊಂಡವರೆಲ್ಲ ‘ಮಸಿ ಎಷ್ಟು ಚೆನ್ನಾಗಿ ಹರಿಯುತ್ತೆ’ ಅಂತ ಹೊಗಳುತ್ತಾರೆ. ಹರಿಯುವುದು ದೊಡ್ಡ ವಿಷಯವೇ ಅಲ್ಲ. ಒಂದು ಕೊಳವೆಗೆ ತೂತು ಮಾಡಿದರೂ ಮಸಿ ಹರಿಯುತ್ತದೆ. ಬರೆಯುವಾಗ ಬೇಕಾದಷ್ಟೇ ಬಿಟ್ಟು, ಉಳಿದ ಹೊತ್ತು ತಡೆದು ನಿಲ್ಲಿಸುವುದೇ ಕಷ್ಟ. ಜಪಾನಿನವರು ನೂರು ವರ್ಷದಿಂದ ಕೆಲಸ ಮಾಡಿರುವುದು ಈ ತಡೆಯ ಮೇಲೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಪೆನ್ನನ್ನು ಕೆಳಮುಖ ಮಾಡಿದ್ದಕ್ಕೆ ಭೂಮಿಯ ಸೆಳೆತದಿಂದ ಮಸಿ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿದ್ದರೆ ಪೆನ್ನನ್ನು ನಿಬ್ ಕೆಳಗೆ ಮಾಡಿ ಸುಮ್ನೆ ಹಿಡಿದರೂ ಮಸಿ ತೊಟ್ಟಿಕ್ಕಬೇಕಿತ್ತು ಅಲ್ವಾ? ತೊಟ್ಟಿಕ್ಕುವುದಿಲ್ಲ. ಎಳನೀರಿನಲ್ಲಿ ಅದ್ದಿದ ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿ ನೋಡಿ. ನೀರು ಒಳಗೇ ನಿಲ್ಲುತ್ತದೆ. ಒಳಗೆ ಗಾಳಿ ಹೋಗದೆ ಹೊರಗೆ ನೀರು ಬರುವುದಿಲ್ಲ. ಅಂಗಡಿಯವರು ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುವುದೂ ಇದಕ್ಕೇ. ಒಂದರಲ್ಲಿ ಎಣ್ಣೆ ಬರಲಿ, ಇನ್ನೊಂದರಲ್ಲಿ ಗಾಳಿ ಹೋಗಲಿ ಅಂತ. ಒಂದೇ ತೂತಾದರೆ ಎಣ್ಣೆ ಗುಳುಕ್ ಗುಳುಕ್ ಅಂತ ತಡೆತಡೆದು ಬರುತ್ತದೆ. ಮನೆಯಲ್ಲಿ ಬೋರಲು ಹಾಕಿದ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಕೂಡ ಇದೇ ಲೆಕ್ಕ. ಲೋಟಕ್ಕೆ ನೀರು ಇಳಿದಾಗಲೆಲ್ಲ ಒಂದು ಗುಳ್ಳೆ ಮೇಲೇರುತ್ತದೆ.

ಪೆನ್ನಿನೊಳಗೆ ಈ ಕೊಡು-ಕೊಳ್ಳುವಿಕೆ ನಡೆಯುವುದು ನಿಬ್ಬಿನ ಕೆಳಗಿರುವ ಕಪ್ಪು ತುಂಡಿನಲ್ಲಿ. ನಾವು ಶಾಲೆಯಲ್ಲಿ ಅದಕ್ಕೆ ನಾಲಿಗೆ ಅನ್ನುತ್ತಿದ್ದೆವು. ಪೆನ್ ಮಾಡುವವರು ಫೀಡ್ ಅನ್ನುತ್ತಾರೆ. ಅದರ ಬೆನ್ನ ಮೇಲೆ ಸಣ್ಣ ಕಾಲುವೆಗಳಿವೆ. ಮಸಿ ಅದರಲ್ಲಿ ಮುಂದೆ ಬರುತ್ತದೆ, ಅದೇ ದಾರಿಯ ಪಕ್ಕದಲ್ಲಿ ಗಾಳಿ ಹಿಂದೆ ಹೋಗುತ್ತದೆ. ಮಸಿಯನ್ನು ಮುಂದಕ್ಕೆ ಎಳೆಯುವುದು ದೀಪದ ಬತ್ತಿಗೆ ಎಣ್ಣೆ ಏರಿಸುವ ಶಕ್ತಿಯೇ. ಸೀಳು ಸಣ್ಣದಾದಷ್ಟೂ ಎಳೆತ ಜಾಸ್ತಿ. ಎರಡು ಗಾಜಿನ ಹಲಗೆಗಳ ನಡುವೆ 0.05 ಮಿಲಿಮೀಟರ್ ಸಂದು ಬಿಟ್ಟರೆ ನೀರು ತಾನಾಗಿಯೇ ಸುಮಾರು 29 ಸೆಂಟಿಮೀಟರ್ ಏರಿ ನಿಲ್ಲುತ್ತದೆ. ಪೆನ್ನಿನ ಉದ್ದ ಅದರ ಅರ್ಧ. ಆದ್ದರಿಂದ ಮಸಿ ತುದಿಯವರೆಗೆ ಬಂದು ಅಲ್ಲೇ ಅಂಟಿಕೊಂಡು ಕಾಯುತ್ತದೆ. ಕಾಗದ ತಾಗಿದ ಕೂಡಲೇ ಕಾಗದದ ನಾರು ನಿಬ್ಬಿಗಿಂತ ಜೋರಾಗಿ ಎಳೆಯುತ್ತದೆ. ಪಂಚೆಯ ಅಂಚು ನೀರಿಗೆ ತಾಗಿದರೆ ಮೊಣಕಾಲವರೆಗೆ ಒದ್ದೆ ಆಗುವ ಹಾಗೆ.

ಇದನ್ನು ಮೊದಲು ಸರಿಯಾಗಿ ಪಳಗಿಸಿ ಮಾರಿ ಗೆದ್ದವನು ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್. ಅವನಿಗೆ ಪೇಟೆಂಟ್ ಸಿಕ್ಕಿದ್ದು 1884ರಲ್ಲಿ. ಅವನ ಇನ್ಶೂರೆನ್ಸ್ ಕರಾರಿನ ಮೇಲೆ ಮಸಿ ಚೆಲ್ಲಿ ಗಿರಾಕಿ ಕೈತಪ್ಪಿದ್ದರಿಂದ ಛಲ ಹುಟ್ಟಿತು ಅನ್ನುವ ಕಥೆಯನ್ನು ಈಗಲೂ ಎಲ್ಲ ಕಡೆ ಬರೆಯುತ್ತಾರೆ. ದಯವಿಟ್ಟು ನಿಲ್ಲಿಸಬೇಕು. ಅದು ಕಂಪನಿಯ ಪ್ರಚಾರದಲ್ಲಿ ಬೆಳೆದ ಕಥೆ. ಅವನ ಕಾಲದ ಕಾಗದಪತ್ರಗಳ ಆಧಾರ ಅದಕ್ಕಿಲ್ಲ.

ಈಗ ಅಜ್ಜನ ಪೆನ್ನಿಗೆ ಬರೋಣ. ಹೊಟ್ಟೆ ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು. 2 ಮಿಲಿಲೀಟರ್ ಗಾಳಿ ಇದೆ ಅಂದುಕೊಳ್ಳಿ. ಬರೆಯುತ್ತಾ ಬರೆಯುತ್ತಾ ಕೈಯ ಬಿಸಿ ತಗುಲಿ ಅದು 25 ಡಿಗ್ರಿಯಿಂದ 35 ಡಿಗ್ರಿಗೆ ಏರಿತು. ಗಾಳಿ ನೂರಕ್ಕೆ 3ರಷ್ಟು ಹಿಗ್ಗುತ್ತದೆ. ಅಂದರೆ 0.06 ಮಿಲಿಲೀಟರಿಗಿಂತ ತುಸು ಹೆಚ್ಚು. ಫಿಲ್ಲರಿನ ಒಂದು ಹನಿ ಸುಮಾರು 0.05 ಮಿಲಿಲೀಟರ್. ಲೆಕ್ಕ ಸರಿಹೋಯಿತು! ಆ ಒಂದು ದಪ್ಪ ಹನಿ ಅಜ್ಜನ ಕೈಯ ಬಿಸಿಯಿಂದಲೇ ಬಂದದ್ದು. ಈ ಲೆಕ್ಕ ಮೊದಲ ಸಲ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದೇ ಹನಿಯನ್ನು ಜಪಾನಿನಲ್ಲಿ ತಡೆದ ರೀತಿ ನೋಡಿ. ಅಲ್ಲಿನ ಹಳೆಯ ಪೆನ್ನುಗಳಲ್ಲಿ ‘ಇಂಕಿ-ದೋಮೆ’ ಅನ್ನುವ ಏರ್ಪಾಡಿತ್ತು. ಆ ಮಾತಿಗೆ ಅರ್ಥವೇ ಮಸಿ-ತಡೆ. ಹೊಟ್ಟೆಯ ನಡುವೆ ಹಾದುಹೋಗುವ ಒಂದು ಕಡ್ಡಿ, ಅದರ ತುದಿಯಲ್ಲಿ ಬಿರಡೆ. ಹಿಂಬದಿಯ ತಿರುಪನ್ನು ಬಿಗಿ ಮಾಡಿದರೆ ಬಿರಡೆ ಬಂದು ನಾಲಿಗೆಗೆ ಹೋಗುವ ದಾರಿಯನ್ನೇ ಮುಚ್ಚುತ್ತದೆ. ಕೆರೆಯ ತೂಬು ಇದ್ದ ಹಾಗೆ. ಬರೆಯಲು ಕೂತಾಗ ತಿರುಪನ್ನು ಒಂಚೂರು ಸಡಿಲಿಸಬೇಕು. ಇವತ್ತಿನ ಪೈಲಟ್ ಕಸ್ಟಮ್ 823ರಲ್ಲೂ ಮುಚ್ಚುವ ಬಿರಡೆ ಇದೆ. ಇದನ್ನು ತಿಳಿಯದವರು ಎರಡು ಪುಟ ಬರೆದಾದ ಮೇಲೆ ಮಸಿ ನಿಂತುಹೋಯಿತು ಅಂತ ಪೆನ್ನನ್ನು ಬೈಯುತ್ತಾರೆ. ತೂಬು ಮುಚ್ಚಿಟ್ಟು ಗದ್ದೆಗೆ ನೀರು ಬರಲಿಲ್ಲ ಅಂದರೆ ಹೇಗೆ? ಅಂದಹಾಗೆ ಆ 823 ಸುಮ್ಮನೆ ಇಟ್ಟ ಸಂಖ್ಯೆಯಲ್ಲ. ಕಂಪನಿ ಹುಟ್ಟಿದ್ದು 1918ರಲ್ಲಿ. ಅದರ 82ನೇ ವರ್ಷ, ಅಂದರೆ 2000ದಲ್ಲಿ ಬಂದ ಪೆನ್ ಇದು. ಕೊನೆಯ 3 ಆಗಿನ ಬೆಲೆ, 30,000 ಯೆನ್.

ಆ ಕಂಪನಿಯ ಮೂಲವೂ ಒಂದು ಕಿರಿಕಿರಿಯೇ, ಇದು ಮಾತ್ರ ನಿಜವಾದ ಕಥೆ. ರ್ಯೋಸುಕೆ ನಮಿಕಿ ಹಡಗಿನ ಎಂಜಿನಿಯರ್ ಆಗಿದ್ದವರು. ಆಮೇಲೆ ಟೋಕಿಯೋದ ನೌಕಾ ಶಾಲೆಯಲ್ಲಿ ಮೇಷ್ಟ್ರಾದರು. ನಕ್ಷೆಯಲ್ಲಿ ಗೆರೆ ಎಳೆಯಲು ಆಗ ಬಳಸುತ್ತಿದ್ದ ಪೆನ್ನಿಗೆ ಜಪಾನಿನಲ್ಲಿ ‘ಕರಸುಗುಚಿ’ ಅನ್ನುತ್ತಾರೆ. ಕಾಗೆಯ ಕೊಕ್ಕು ಅಂತ ಅರ್ಥ. ಎರಡು ಉಕ್ಕಿನ ತುಟಿಗಳ ನಡುವೆ ಒಂದಿಷ್ಟು ಮಸಿ ಹಿಡಿಯುತ್ತಿತ್ತು, ಎರಡು ಗೆರೆ ಎಳೆಯುವಷ್ಟರಲ್ಲಿ ಮತ್ತೆ ಮಸಿ ಹಾಕಬೇಕು. ಮಸಿ ತಾನೇ ಬರುವ ಹಾಗೆ ಆ ಕೊಕ್ಕನ್ನು ಸುಧಾರಿಸಲು ಹೊರಟು ಅವರು ಚಿನ್ನದ ನಿಬ್ಬಿಗೆ ಬಂದರು. ನಂತರ ಗೆಳೆಯ ಮಸಾವೊ ವಾದಾ ಜೊತೆ ಸೇರಿ ಕಂಪನಿ ಕಟ್ಟಿದರು. ಹಡಗಿಗೆ ದಾರಿ ತೋರುವವನೇ ಪೈಲಟ್, ಆ ಹೆಸರು ಅಲ್ಲಿಂದ ಬಂದದ್ದು.

ಚಿನ್ನದ ನಿಬ್ ಅಂದೆನಲ್ಲ, ಅಲ್ಲೂ ಒಂದು ತಪ್ಪು ನಂಬಿಕೆ ಇದೆ. ಚಿನ್ನ ಮೆತ್ತಗಿರುವುದರಿಂದ ಕಾಗದದ ಮೇಲೆ ನುಣ್ಣಗೆ ಜಾರುತ್ತದೆ ಅನ್ನುತ್ತಾರೆ. ಕಾಗದಕ್ಕೆ ಚಿನ್ನ ತಾಗುವುದೇ ಇಲ್ಲ. ತಾಗುವುದು ತುದಿಗೆ ಬೆಸೆದ ಒಂದು ಸಣ್ಣ ಗುಂಡು. ಅದು ಇರಿಡಿಯಂ, ಆಸ್ಮಿಯಂನಂಥ ಬಲು ಗಟ್ಟಿ ಲೋಹಗಳ ಬೆರಕೆ. ಹಿಂದೆ ಜಪಾನಿನಲ್ಲಿ ಹೊಕ್ಕೈಡೊದ ನದಿಗಳ ಮರಳಿನಲ್ಲಿ ಸಿಗುವ ಕಾಳುಗಳನ್ನು ಇದಕ್ಕೆ ಬಳಸಿದರು. ಚಿನ್ನ ಬಂದದ್ದು ಬೇರೆ ಕಾರಣಕ್ಕೆ. ಹಳೆಯ ಮಸಿಯಲ್ಲಿದ್ದ ಹುಳಿ ಕಬ್ಬಿಣವನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ತಿನ್ನಲಾಗುತ್ತಿರಲಿಲ್ಲ. ಇನ್ನು ‘ಇಂಕ್ ಪೆನ್ ಬೇರೆಯವರಿಗೆ ಕೊಟ್ಟರೆ ನಿಬ್ ಕೆಡುತ್ತೆ’ ಅನ್ನುವುದು ನಮ್ಮ ಮನೆಗಳಲ್ಲಿ ಬೇರೂರಿದ ಮಾತು. ಒಂದು ಸಹಿಗೆ ಆ ಗುಂಡು ಸವೆಯುವುದಿಲ್ಲ. ಬಾಲ್ ಪೆನ್ನಿನ ಅಭ್ಯಾಸದಿಂದ ಒತ್ತಿ ಬರೆದರೆ ನಿಬ್ಬಿನ ಸೀಳು ಅಗಲವಾಗುತ್ತದೆ, ಹೆದರಬೇಕಾದದ್ದು ಅದಕ್ಕೆ. ‘ಒತ್ತಬೇಡಿ’ ಅಂತ ಹೇಳಿ ಕೊಡಿ, ಸಾಕು.

ಜಪಾನಿನ ನಿಬ್ ತೆಳ್ಳಗಿರುವುದಕ್ಕೆ ಅವರ ಲಿಪಿಯೇ ಕಾರಣ. ಖಿನ್ನತೆ ಅನ್ನುವ ಅರ್ಥದ ‘ಉತ್ಸು’ ಅಕ್ಷರ ಒಂದಕ್ಕೇ 29 ಗೆರೆ. ಅಷ್ಟನ್ನೂ ಒಂದು ಸಣ್ಣ ಚೌಕದೊಳಗೆ ಕೂರಿಸಬೇಕು. ಅದಕ್ಕೇ ಅಲ್ಲಿನ ‘ಫೈನ್’ ಯುರೋಪಿನ ‘ಫೈನ್’ಗಿಂತ ಸಾಮಾನ್ಯವಾಗಿ ಒಂದು ಅಳತೆ ಸಣ್ಣದು. ಇದು ನಮಗೂ ಅನುಕೂಲವಾಯಿತು. ‘ಸ್ವಾತಂತ್ರ್ಯ’ ಅಂತ ಬರೆದು ನೋಡಿ. ದಪ್ಪ ನಿಬ್ಬಿನಲ್ಲಿ ಒತ್ತಕ್ಷರಗಳ ಹೊಟ್ಟೆ ಮಸಿಯಿಂದ ಮುಚ್ಚಿಹೋಗುತ್ತದೆ. ಜಪಾನಿನ ಸಣ್ಣ ನಿಬ್ಬಿನಲ್ಲಿ ತಕಾರಕ್ಕೆ ಅಂಟಿದ ರ ಮತ್ತು ಯ ಒತ್ತುಗಳು ಬೇರೆಬೇರೆಯಾಗಿ ಕಾಣುತ್ತವೆ.

ಜೇಬಿಗೆ ಹಾಕಿಕೊಂಡು ಓಡಾಡುವವರಿಗೆ ಇಷ್ಟೇ ಸಾಲದು. ಒಮ್ಮೆ ಬೆಂಗಳೂರಿನಿಂದ ವಿಮಾನ ಹತ್ತಿದಾಗ ನನ್ನ ಬಿಳಿ ಅಂಗಿಯ ಜೇಬು ಪೂರ್ತಿ ನೀಲಿಯಾಗಿತ್ತು. ಅದು ಬೇರೆ ಪೆನ್, ಅರ್ಧ ಖಾಲಿ ಇತ್ತು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಪೆನ್ನಿನೊಳಗಿನ ಗಾಳಿ ಆಗ ಐದರಲ್ಲಿ ಒಂದು ಪಾಲು ಹಿಗ್ಗುತ್ತದೆ. ಕೈಬಿಸಿಯ ಆರು ಪಟ್ಟು! ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ನಿಬ್ ಮೇಲ್ಮುಖವಾಗಿರಲಿ. ಮಸಿಯ ಬದಲು ಗಾಳಿಯೇ ಹೊರಗೆ ಹೋಗುತ್ತದೆ.

ಕ್ಯಾಪ್‌ಲೆಸ್ ಇಲ್ಲೇ ನನ್ನ ಮನಸ್ಸು ಗೆದ್ದದ್ದು. ಇದು ಮೊದಲು ಬಂದದ್ದು 1963ರಲ್ಲಿ. ಹೆಸರೇ ಹೇಳುವಂತೆ ಕ್ಯಾಪ್ ಇಲ್ಲ. ಬಾಲ್ ಪೆನ್ನಿನ ಹಾಗೆ ಒತ್ತಿದರೆ ನಿಬ್ ಹೊರಗೆ, ಮತ್ತೆ ಒತ್ತಿದರೆ ಒಳಗೆ. ಇದರ ಕ್ಲಿಪ್ ಇರುವುದು ನಿಬ್ ಕಡೆಗೆ. ಬರೆಯುವಾಗ ಬೆರಳ ನಡುವೆ ಕ್ಲಿಪ್ ಸಿಕ್ಕುತ್ತದಲ್ಲ ಅಂತ ಹೊಸಬರು ಮುಖ ಸಿಂಡರಿಸುತ್ತಾರೆ. ಆದರೆ ಜೇಬಿಗೆ ಸಿಕ್ಕಿಸಿದಾಗ ನಿಬ್ ತಾನಾಗಿಯೇ ಮೇಲಕ್ಕೆ ನಿಲ್ಲುತ್ತದೆ. ಇನ್ನು ಅದರ ಬಾಯಿಯನ್ನು ಬೆಳಕಿಗೆ ಹಿಡಿದು, ಗುಂಡಿಯನ್ನು ತೀರಾ ನಿಧಾನವಾಗಿ ಒತ್ತುತ್ತಾ ಬನ್ನಿ. ಒಳಗೆ ಗುಬ್ಬಿಯ ರೆಪ್ಪೆಯಷ್ಟು ಪುಟ್ಟ ಬಾಗಿಲೊಂದಿದೆ. ನಿಬ್ ಬಂದು ತಳ್ಳಿದಾಗ ಪಕ್ಕಕ್ಕೆ ಸರಿಯುತ್ತದೆ. ನಿಬ್ ಒಳಗೆ ಹೋದ ಮರುಗಳಿಗೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಂದು ಮುಚ್ಚುತ್ತದೆ. ಆ ಬಾಗಿಲು ಇಲ್ಲದಿದ್ದರೆ ಮಸಿಯ ನೀರು ಆರಿ, ಬಣ್ಣ ಮಾತ್ರ ಸೀಳಿನಲ್ಲಿ ಗಟ್ಟಿಯಾಗಿ ಕೂರುತ್ತಿತ್ತು.

ಒಣಗದಂತೆ ತಡೆಯುವುದರಲ್ಲಿ ಪ್ಲಾಟಿನಂ ಇನ್ನೂ ಮುಂದೆ ಹೋಯಿತು. ಕ್ಯಾಪಿನೊಳಗೆ ಇನ್ನೊಂದು ಪುಟ್ಟ ಕ್ಯಾಪ್, ಅದರ ಹಿಂದೆ ಸ್ಪ್ರಿಂಗ್. ಊಟದ ಡಬ್ಬಿಯ ಮುಚ್ಚಳದ ರಬ್ಬರಿನ ಹಾಗೆ ಅದು ನಿಬ್ಬಿನ ಸುತ್ತ ಒತ್ತಿ ಕೂರುತ್ತದೆ. ಫ್ಯೂಜಿ ಪರ್ವತದ ಎತ್ತರದ ಹೆಸರಿಟ್ಟುಕೊಂಡ 3776 ಪೆನ್ನಿಗೆ ಇದನ್ನು 2011ರಲ್ಲಿ ತಂದರು. ಎರಡು ವರ್ಷ ಮುಟ್ಟದಿದ್ದರೂ ಮಸಿ ಒಣಗುವುದಿಲ್ಲ ಅಂತ ಕಂಪನಿ ಹೇಳುತ್ತದೆ. ಅಗ್ಗದ ಪ್ರೆಪ್ಪಿಗೂ ಇದೇ ಒಳಕ್ಯಾಪ್ ಇದೆ, ಅದಕ್ಕೆ ಒಂದು ವರ್ಷದ ಮಾತು.

ನಾನು ನನ್ನ ಪ್ರೆಪ್ಪಿಯನ್ನು ಯುಗಾದಿಯ ಹೊತ್ತಿಗೆ ಡ್ರಾಯರಿನಲ್ಲಿ ಹಾಕಿ ಮರೆತಿದ್ದೆ. ದೀಪಾವಳಿಗೆ ಮನೆ ಗುಡಿಸುವಾಗ ಕೈಗೆ ಸಿಕ್ಕಿತು. ನಡುವೆ ಅರ್ಧ ಬೇಸಿಗೆ ಕಳೆದಿತ್ತು. ಕ್ಯಾಪ್ ತೆಗೆದು ಹಾಲಿನವರ ಲೆಕ್ಕದ ಚೀಟಿಯ ಹಿಂದೆ ಅಜ್ಜನ ಹೆಸರು ಬರೆದೆ. ಮೊದಲ ಗೆರೆಯಿಂದಲೇ ಮಸಿ ಬಂತು.